ತಿರುಗಣಿಗೇರಿದ ಕಲ್ಲು: ಹಡಗಲಿ–ಹರಪನಹಳ್ಳಿ ಸೀಮೆಯ ಕಡೆದ ಕಂಬಗಳು

ತುಂಗಭದ್ರೆಯ ಬಲದಂಡೆಯ ಹೂವಿನಹಡಗಲಿ ಮತ್ತು ಹರಪನಹಳ್ಳಿ, ಅವುಗಳಿಗೆ ಮೂಡಲಲ್ಲಿ ಹೊಂದಿಕೊಂಡಿರುವ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮತ್ತು ಕೂಡ್ಲಿಗಿ, ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯ ಭಾಗವಾಗಿವೆ. ಸಾವಿರ ವರ್ಷಗಳ ಹಿಂದೆ ಈ ನೆಲದ ಬಹುಭಾಗವು ನೊಳಂಬವಾಡಿ 32000 ಎಂಬ ದೊಡ್ಡ ನಾಡಿಗೂ ಅದರೊಳಗಿನ ಕೋಗಳಿ 500 ಎಂಬ ಚಿಕ್ಕ ಆಡಳಿತ ವಿಭಾಗಕ್ಕೂ ಸೇರಿತ್ತು. ಆ ವಿಭಾಗಕ್ಕೆ ಹೆಸರು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ, ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದವರೆಗೆ, ಇಲ್ಲಿ ಎದ್ದ ದೇವಾಲಯಗಳ ಶಿಖರ, ಬಾಗಿಲುವಾಡ, ಮದನಕೈಗಳನ್ನು ಕುರಿತು ಸಾಕಷ್ಟು ಬರವಣಿಗೆ ಬಂದಿದೆ. ಆದರೆ ಇವುಗಳ ಮಂಟಪಗಳನ್ನು ಹೊತ್ತು ನಿಂತಿರುವ, ಕನ್ನಡಿಯಂತೆ ನುಣುಪಾದ ದುಂಡು ಕಂಬಗಳು ಯಾವ ಕಸುಬಿನಿಂದ ಹುಟ್ಟಿದವು, ಕಲ್ಲಿಗೆ ಆ ಕಸುಬು ಬಂದದ್ದು ಎಲ್ಲಿಂದ, ಮತ್ತೆ ಅದು ಕಲ್ಲನ್ನು ಬಿಟ್ಟು ಹೋದದ್ದು ಏಕೆ ಎಂಬ ವಿಷಯಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಈ ಕಂಬಗಳು ತಿರುಗಣಿಯಲ್ಲಿ ಕಡೆದವು. ತಿರುಗಣಿ ಎಂದರೆ ಮರವನ್ನೋ ಕಲ್ಲನ್ನೋ ಎರಡು ತುದಿಗಳಲ್ಲಿ ಹಿಡಿದು ತನ್ನದೇ ಅಕ್ಷದ ಸುತ್ತ ತಿರುಗುವಂತೆ ಮಾಡುವ, ಇಂದು ಲೇತ್ ಎಂದು ಕರೆಯುವ ಸಾಧನ. ಕೆತ್ತನೆಯಲ್ಲಿ ವಸ್ತು ನಿಂತಿದ್ದು ಉಳಿ ಚಲಿಸಿದರೆ ಕಡೆತದಲ್ಲಿ ಉಳಿ ಆಸರೆಯ ಮೇಲೆ ನಿಂತಿದ್ದು ವಸ್ತುವೇ ಸುತ್ತುತ್ತದೆ. ಹೀಗೆ ಸುತ್ತುವ ಮೈಗೆ ಉಳಿಯ ಮೊನೆ ತಾಗಿದಲ್ಲೆಲ್ಲ ಒಂದು ಪೂರ್ಣ ವೃತ್ತ ಮೂಡುವುದರಿಂದ, ಎಷ್ಟೇ ಪಳಗಿದ ಕೈಯಾದರೂ ಸುತ್ತಿಗೆ ಚಾಣಗಳಿಂದ ತರಲಾರದ ಸಮತೆ ಕಂಬದ ಬಳೆಗಳಿಗೂ ಕೊರಕಲುಗಳಿಗೂ ಬರುತ್ತದೆ. ವಾಸ್ತು ವಿದ್ವಾಂಸರು ಶ್ರೀಕಾರ ಎಂದು ಕರೆಯುವ ಈ ಬಗೆಯ ಕಂಬದಲ್ಲಿ ಕೆಳಗೆ ಚೌಕನೆಯ ಪೀಠ, ಅದರ ಮೇಲೆ ಚೌಕವಾಗಿಯೇ ಉಳಿದ ಕಾಂಡದ ಬುಡ, ನಂತರ ಕಿರಿದಾದ ದುಂಡು ಕೊರಳುಗಳು, ಅಂಚು ಹೊರಚಾಚಿದ ಗಂಟೆಯಾಕಾರ, ಅದುಮಿದಂತಿರುವ ಕುಂಭ, ತಟ್ಟೆಯಂಥ ಫಲಕ ಇವು ಒಂದರ ಮೇಲೊಂದು ಬರುತ್ತವೆ. ಎಲ್ಲಕ್ಕೂ ಮೇಲೆ ತೊಲೆಯ ಭಾರವನ್ನು ಹಂಚಿಕೊಳ್ಳುವ ಬೋದಿಗೆ ಕೂರುತ್ತದೆ, ಅದು ಸಾಮಾನ್ಯವಾಗಿ ಬೇರೆಯೇ ಕಲ್ಲು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ ಈ ಕಂಬಗಳ ಅಭ್ಯಾಸಕ್ಕೆ ಮೊದಲು ನೋಡಬೇಕಾದ ತಾಣ. ಇಮ್ಮಡಿ ತೈಲಪನ ಕಾಲದ, 987ರ ಶಾಸನವು ದುಗ್ಗಿಮಯ್ಯನೆಂಬವನನ್ನು ಇದರ ನಿರ್ಮಾಣದೊಂದಿಗೆ ಹೆಸರಿಸುತ್ತದೆ. ರಾಷ್ಟ್ರಕೂಟರ ಕೊನೆಗಾಲದ ಸರಳತೆಯನ್ನು ಗರ್ಭಗುಡಿಯ ಭಾಗವು ಇನ್ನೂ ಇಟ್ಟುಕೊಂಡಿದ್ದರೆ, ಮುಂದೆ ಸೇರಿಸಿದ ವಿಶಾಲವಾದ ತೆರೆದ ಸಭಾಮಂಟಪದ ಸುಮಾರು ಐವತ್ತು ಕಂಬಗಳಲ್ಲಿ ಚಾಲುಕ್ಯ ಕಸುಬು ತನ್ನ ಎಲ್ಲ ಬಗೆಗಳನ್ನೂ ಒಂದೇ ಸೂರಿನಡಿ ಇಟ್ಟು ತೋರಿಸುತ್ತದೆ. ಅಕ್ಕಪಕ್ಕದ ಕಂಬಗಳು ಒಂದೇ ಅಚ್ಚಿನವಲ್ಲ: ಕೆಲವು ತಿರುಗಣಿಯಿಂದ ಇಳಿದಂತೆಯೇ ಬೋಳಾಗಿ ನಿಂತಿವೆ, ಕೆಲವಕ್ಕೆ ಕಡೆದ ಮೇಲೆ ಬಳ್ಳಿ, ಮಣಿಸರಗಳ ಕೆತ್ತನೆ ಸೇರಿದೆ, ಇನ್ನು ಕೆಲವು ಮೂಲೆಮೂಲೆಯಾಗಿ ಕತ್ತರಿಸಿದವಾದ್ದರಿಂದ ತಿರುಗಣಿಗೆ ಏರಿದವೇ ಅಲ್ಲ. ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವನ್ನು ಒಂದನೆಯ ಸೋಮೇಶ್ವರನ ಮಹಾಪ್ರಧಾನನು 1057ರ ಹೊತ್ತಿಗೆ ಕಟ್ಟಿಸಿದನು. ಕೂಡ್ಲಿಗಿ–ಕೊಟ್ಟೂರು ಸೀಮೆಯ ಅಂಬಳಿಯ ಕಲ್ಲೇಶ್ವರವು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1083ರ ಕಾಲಕ್ಕೆ ಸೇರುತ್ತದೆ. ಹೂವಿನಹಡಗಲಿ, ಮಾಗಳ, ನೀಲಗುಂದಗಳ ಗುಡಿಗಳೂ ಇದೇ ಸರಣಿಯವು. ಹಡಗಲಿ ತಾಲ್ಲೂಕಿನ ಕುರುವತ್ತಿ, 1068ರಲ್ಲಿ ರೋಗಪೀಡಿತನಾದ ಸೋಮೇಶ್ವರನು ತುಂಗಭದ್ರೆಗೆ ಇಳಿದು ಪ್ರಾಣ ನೀಗಿದ ಸ್ಥಳವೆಂದು ಇತಿಹಾಸದಲ್ಲಿ ಪ್ರಸಿದ್ಧ. ಅಲ್ಲಿನ ಮಲ್ಲಿಕಾರ್ಜುನ ದೇವಾಲಯದ ಮದನಕೈ ವಿಗ್ರಹಗಳು ಬೇಲೂರಿನ ಮದನಿಕೆಯರಿಗಿಂತ ಹಿಂದಿನವಾದ್ದರಿಂದ ಕಲಾಚರಿತ್ರೆಯಲ್ಲಿ ಅವಕ್ಕೆ ವಿಶೇಷ ಸ್ಥಾನವಿದೆ.

ಈ ಕಸುಬಿಗೆ ದಾರಿ ಮಾಡಿಕೊಟ್ಟದ್ದು ಕಲ್ಲಿನ ಬದಲಾವಣೆ. ಬಾದಾಮಿ, ಪಟ್ಟದಕಲ್ಲುಗಳ ಹಿಂದಿನ ಚಾಲುಕ್ಯರು ಮರಳುಗಲ್ಲಿನ ದೊಡ್ಡ ಬಂಡೆಗಳಲ್ಲಿ ಕಟ್ಟಿದರು. ಅವರ ಕಂಬಗಳು ಬಹುಪಾಲು ಚೌಕ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು, ಮತ್ತು 1050ರ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಈ ಹೊರಳುವಿಕೆಯ ಆರಂಭದ ಗುರುತಾಗಿ ವಿದ್ವಾಂಸರು ಹೇಳುತ್ತಾರೆ. ಧಾರವಾಡ ಶಿಲಾವರ್ಗ ಎಂದು ಭೂವಿಜ್ಞಾನಿಗಳು ಕರೆಯುವ ಹಳೆಯ ಪದರಗಳಲ್ಲಿ ಸಿಗುವ ಈ ಹಸುರುಗಪ್ಪು ಕಲ್ಲಿನಲ್ಲಿ ಟಾಲ್ಕ್ ಮತ್ತು ಕ್ಲೋರೈಟ್ ಎಂಬ ಮೆದು ಖನಿಜಗಳು ಸೇರಿರುತ್ತವೆ. ಗಟ್ಟಿತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಟಾಲ್ಕಿನದು 1, ಕ್ಲೋರೈಟಿನದು 2ರಿಂದ 2.5, ಕಣಶಿಲೆಯಲ್ಲಿರುವ ಬೆಣಚಿನದು 7. ಕಬ್ಬಿಣದ ಉಳಿಗೆ ಬಳಪದ ಕಲ್ಲು ಮರದಂತೆ ಮಣಿಯುತ್ತದೆ. ಕಣಗಳು ಸೂಕ್ಷ್ಮವಾಗಿರುವುದರಿಂದ ತೆಳುವಾದ ಅಂಚನ್ನೂ ಹಿಡಿದುಕೊಳ್ಳುತ್ತದೆ, ಉಜ್ಜಿದರೆ ಹೊಳಪು ಬರುತ್ತದೆ. ಕನ್ನಡ ನಾಡಿನ ಅಡುಗೆಮನೆಗಳಲ್ಲಿ ಉಪ್ಪಿನಕಾಯಿ, ಹುಳಿಗಳನ್ನು ಇಡಲು ಬಳಸುತ್ತಿದ್ದ ಕಲ್ಲುಮರಿಗೆಗಳು ಇದೇ ಕಲ್ಲಿನಿಂದ ಆದವು.

ಮರದಂತೆ ಮಣಿಯುವ ಕಲ್ಲು ಸಿಕ್ಕ ಕೂಡಲೇ ಮರದ ಕಸುಬು ಅದಕ್ಕೆ ದಾಟಿತು ಎಂದು ತಿಳಿಯಲು ಬಲವಾದ ಕಾರಣಗಳಿವೆ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಈ ಐದು ಕೆಲಸಗಳು ಪಾಂಚಾಳರೆಂದು ಕರೆಸಿಕೊಂಡ ಒಂದೇ ವಿಶ್ವಕರ್ಮ ಸಮುದಾಯದ ಕೈಯಲ್ಲಿದ್ದವು; ಶಾಸನಗಳಲ್ಲಿ ಹೆಸರಿನ ಕೊನೆಗೆ ‘ಓಜ’ ಎಂದು ಬರುವ ರೂವಾರಿಗಳೂ ಬಡಗಿಗಳೂ ಪರಸ್ಪರ ನಂಟರಾಗಿದ್ದ ಸಮಾಜದಲ್ಲಿ ಒಂದು ಕೆಲಸದ ಉಪಕರಣ ಇನ್ನೊಂದಕ್ಕೆ ಸಾಗುವುದು ಸಹಜ. ತೊಟ್ಟಿಲ ಕೋಲು, ಮಂಚದ ಕಾಲು, ಕಡಗೋಲು, ಬುಗುರಿಗಳನ್ನು ಕಡೆಯುವ ಬಡಗಿಯ ತಿರುಗಣಿ ಚಾಲುಕ್ಯರಿಗಿಂತ ಬಹಳ ಹಳೆಯದು. ಪುರಾಣಗಳಲ್ಲಿಯೇ ಅದು ಬರುತ್ತದೆ: ಸೂರ್ಯನ ತೇಜಸ್ಸನ್ನು ಹೆಂಡತಿ ಸಂಜ್ಞೆಯು ತಾಳಲಾರದಾದಾಗ ಅವಳ ತಂದೆ ವಿಶ್ವಕರ್ಮನು ಅಳಿಯನನ್ನು ತಿರುಗಣಿಗೇರಿಸಿ ತೇಜಸ್ಸಿನ ಒಂದು ಭಾಗವನ್ನು ಕಡೆದು ತೆಗೆದನೆಂದೂ, ಆ ಚೂರುಗಳಿಂದ ವಿಷ್ಣುವಿನ ಚಕ್ರ, ಶಿವನ ತ್ರಿಶೂಲಗಳು ಆದವೆಂದೂ ವಿಷ್ಣುಪುರಾಣ ಹೇಳುತ್ತದೆ. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ಅರಸನ ದೇಹಸೌಷ್ಠವಕ್ಕೆ ಇದೇ ಕಡೆದ ಸೂರ್ಯನ ಹೋಲಿಕೆಯನ್ನು ತಂದಿರುವುದನ್ನು ನೋಡಿದರೆ, ತಿರುಗಣಿಯ ಕೆಲಸ ಅವನ ಓದುಗರಿಗೆ ಕಣ್ಣಾರೆ ಕಂಡದ್ದಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಮತ್ಸ್ಯಪುರಾಣದ ಪಾಠದಲ್ಲಿ ಇನ್ನೊಂದು ಮುಖ್ಯ ವಿವರವಿದೆ: ಸೂರ್ಯನ ಪಾದಗಳು ಮಾತ್ರ ಕಡೆಯದೆ ಉಳಿದವು, ಆದ್ದರಿಂದಲೇ ಮೂರ್ತಿಯಲ್ಲಿ ಅವನ ಪಾದಗಳನ್ನು ತೋರಿಸಬಾರದು. ಬಾಗಳಿಯ ಮಂಟಪಕ್ಕೆ ಹೊಂದಿಕೊಂಡು ಸೂರ್ಯನ ಗುಡಿಯೊಂದಿದೆ. ಅದರ ಸುತ್ತಲಿನ ಕಂಬಗಳ ಬುಡವೂ ಕಡೆಯದೆ ಚೌಕವಾಗಿಯೇ ಉಳಿದಿದೆ. ಇವೆರಡಕ್ಕೂ ನೇರವಾದ ಸಂಬಂಧವನ್ನು ಸಾಧಿಸಲು ಹೊರಡುವುದು ತಪ್ಪಾದೀತು, ಆದರೆ ತಿರುಗಣಿಗೇರಿದ ಯಾವ ವಸ್ತುವಿನಲ್ಲಾದರೂ ಹಿಡಿತಕ್ಕೆಂದು ಒಂದು ಭಾಗ ಕಡೆಯದೆ ಉಳಿಯುತ್ತದೆ ಎಂಬ ಕಸುಬಿನ ಅರಿವು ಪುರಾಣಕಾರನಿಗೂ ಇತ್ತೆಂಬುದು ಸ್ಪಷ್ಟ.

ಕಡೆತದ ಜಾಣತನವೆಲ್ಲ ಉಳಿ ತಾಗುವುದಕ್ಕೆ ಮುಂಚೆಯೇ, ವಸ್ತುವನ್ನು ತಿರುಗಣಿಗೆ ಏರಿಸುವ ಹಂತದಲ್ಲಿಯೇ ಇರುತ್ತದೆ. ಎರಡು ಮೀಟರ್ ಉದ್ದದ, ಅರ್ಧ ಮೀಟರ್ ಅಗಲದ ಚೌಕ ದಿಂಡನ್ನು ತೆಗೆದುಕೊಂಡರೆ ಅದರ ಗಾತ್ರ ಅರ್ಧ ಘನಮೀಟರ್. ಬಳಪದ ಕಲ್ಲಿನ ಸಾಂದ್ರತೆ ನೀರಿನ ಸುಮಾರು 2.8 ಪಟ್ಟು ಇರುವುದರಿಂದ ತೂಕ ಹತ್ತಿರ ಹತ್ತಿರ 1.4 ಟನ್ ಆಗುತ್ತದೆ. ಇಷ್ಟು ಭಾರದ ಕಲ್ಲಿನ ಎರಡು ತುದಿಗಳಲ್ಲಿ ಅಕ್ಷದ ಬಿಂದುಗಳನ್ನು ಗುರುತಿಸುವಾಗ ಒಂದು ಬೆರಳಿನಷ್ಟು ತಪ್ಪಿದರೂ ತಿರುಗುವಾಗ ಇಡೀ ದಿಂಡು ಒಲೆದಾಡುತ್ತದೆ. ಉಳಿ ಒಂದು ಮಗ್ಗುಲನ್ನು ಆಳವಾಗಿ ಕೊರೆದು ಇನ್ನೊಂದನ್ನು ಮುಟ್ಟದೆ ಬಿಡುತ್ತದೆ. ಅರ್ಧ ಮೀಟರ್ ಚೌಕದಲ್ಲಿ ಹಿಡಿಸುವ ಅತಿ ದೊಡ್ಡ ವೃತ್ತವನ್ನು ಎಳೆದರೆ ಪ್ರತಿ ಮೂಲೆಯೂ ಆ ವೃತ್ತದಿಂದ ಹತ್ತು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಹೊರಚಾಚುತ್ತದೆ. ಆ ನಾಲ್ಕು ಮೂಲೆಗಳನ್ನು ತೆಗೆದುಹಾಕಿದಾಗ ಕಲ್ಲಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪುಡಿಯಾಗಿ ಹೋಗುತ್ತದೆ. ಹಾಗಾಗಿ ಕಲ್ಲುಕುಟಿಗರು ಮೊದಲು ಸುತ್ತಿಗೆ ಚಾಣಗಳಿಂದ ದುಂಡಾಗಬೇಕಾದ ಭಾಗಗಳ ಮೂಲೆಗಳನ್ನು ಒಡೆದು, ಆಕಾರವನ್ನು ಒರಟಾಗಿ ತಂದುಕೊಂಡೇ ತಿರುಗಣಿಗೆ ಏರಿಸಿದ್ದಿರಬೇಕು.

ಈ ಲೆಕ್ಕ ಸರಿಹೋಯಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಕಂಬದಲ್ಲಿಯೇ ಉಳಿದಿದೆ. ಚೌಕ ಬುಡವು ಮುಗಿದು ದುಂಡು ಕೊರಳು ಆರಂಭವಾಗುವಲ್ಲಿ ನಾಲ್ಕು ಮೂಲೆಗಳ ಮೇಲೆ ನಾಲ್ಕು ಸಣ್ಣ ತ್ರಿಕೋನಾಕಾರದ ದಂಡೆಗಳು ಉಳಿಯುತ್ತವೆ. ಅಕ್ಷವು ನಟ್ಟನಡುವೆ ಬಿದ್ದಿದ್ದರೆ ಮಾತ್ರ ಆ ನಾಲ್ಕೂ ದಂಡೆಗಳು ಒಂದೇ ಅಳತೆಗೆ ಬರುತ್ತವೆ; ಅಕ್ಷ ಒಂದು ಕಡೆಗೆ ಸರಿದಿದ್ದರೆ ಒಂದು ದಂಡೆ ಅಗಲವಾಗಿ ಎದುರಿನದು ಕಿರಿದಾಗುತ್ತದೆ, ಅದನ್ನು ಆಮೇಲೆ ಯಾವ ಕೆತ್ತನೆಯಿಂದಲೂ ಸರಿಪಡಿಸಲಾಗದು. ಕಂಬದ ಸೊಬಗನ್ನು ನೋಡಬಯಸುವವರು ಗಂಟೆಯ ಹೊಳಪಿಗಿಂತ ಮೊದಲು ಈ ದಂಡೆಗಳ ಮೇಲೆ ಬೆರಳಿಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಹೆಸರಿಲ್ಲದ ಆ ಓಜನ ಕಣ್ಣಳತೆ ಅಲ್ಲಿಯೇ ದಾಖಲಾಗಿದೆ. ಇಳಿಬಿಸಿಲು ಮಂಟಪದೊಳಕ್ಕೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಕೊರಳುಗಳ ಮೈಮೇಲಿನ ಕೂದಲೆಳೆಯಂಥ ವೃತ್ತರೇಖೆಗಳೂ ಕಾಣಿಸುತ್ತವೆ. ಅವು ಉಳಿಯ ಮೊನೆ ಬಿಟ್ಟುಹೋದ ಗುರುತುಗಳು.

ಇಂದಿನ ಮರಗಡೆತದಲ್ಲಿ ಅಕ್ಷವನ್ನು ಹುಡುಕುವ ಈ ಜಾಣತನಕ್ಕೆ ತೀರ ಹತ್ತಿರದ ಕೆಲಸವೆಂದರೆ ಮರದ ಗಂಟನ್ನು ಬಟ್ಟಲಾಗಿ ಕಡೆಯುವುದು. ಗಾಯದಿಂದಲೋ ಸುಪ್ತ ಮೊಗ್ಗುಗಳು ಒಂದೆಡೆ ಒತ್ತಾಗಿ ಬೆಳೆಯುವುದರಿಂದಲೋ ಕಾಂಡದ ಮೇಲೆ ಉಬ್ಬುವ ಗಂಟಿನಲ್ಲಿ ಎಳೆಗಳು ಯಾವ ಒಂದು ದಿಕ್ಕಿಗೂ ಓಡದೆ ಸುತ್ತಿಕೊಂಡಿರುತ್ತವೆ, ಹೊರಮೈ ಏರುತಗ್ಗಾಗಿರುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ರೂಡ್ ಓಸೊಲ್ನಿಕ್, ಮೆಲ್ವಿನ್ ಲಿಂಡ್‌ಕ್ವಿಸ್ಟ್ ಮೊದಲಾದ ಕಡೆಗಾರರು ಇಂಥ ಅಡ್ಡಾದಿಡ್ಡಿ ಮರದ ಸಹಜರೂಪವನ್ನು ಉಳಿಸಿಕೊಂಡು ಕಡೆಯುವುದಕ್ಕೆ ಕಲೆಯ ಮಾನ್ಯತೆ ತಂದುಕೊಟ್ಟರು. ತೊಗಟೆಯ ಅಂಚನ್ನು ಕಡಿಯದೆ ಅದನ್ನೇ ಬಟ್ಟಲಿನ ಬಾಯಿಯಾಗಿ ಬಿಡುವ ರೀತಿ ಆ ಕಾಲದಲ್ಲಿ ಬೆಳೆಯಿತು. ಅಲ್ಲಿಯೂ ಕಡೆಗಾರನು ಗಂಟನ್ನು ಎರಡು ಮೊನೆಗಳ ನಡುವೆ ಮೊದಲು ಸಡಿಲವಾಗಿ ಹಿಡಿಸಿ, ಕೈಯಿಂದ ತಿರುಗಿಸಿ, ತೊಗಟೆಯಂಚಿನ ಎತ್ತರದ ಎರಡು ಬಿಂದುಗಳು ಒಂದು ಮಟ್ಟಕ್ಕೂ ತಗ್ಗಿನ ಎರಡು ಬಿಂದುಗಳು ಇನ್ನೊಂದು ಮಟ್ಟಕ್ಕೂ ಬರುವವರೆಗೆ ಒಂದು ಮೊನೆಯನ್ನು ಸರಿಸುತ್ತ ಹೋಗುತ್ತಾನೆ. ಸಮಾಧಾನವಾದ ಮೇಲೆಯೇ ಬಿಗಿಗೊಳಿಸಿ, ಬುಡದಲ್ಲಿ ಹಿಡಿತಕ್ಕೊಂದು ಗುಬಟನ್ನು ಕಡೆದು, ತಿರುಗಿಸಿ ಹಿಡಿಸಿ ಒಳಗನ್ನು ತೋಡುತ್ತಾನೆ. ಸುತ್ತುವ ಗಂಟಿನ ಏರುತಗ್ಗಿನ ಅಂಚು ಕಣ್ಣಿಗೆ ಬರಿಯ ನೆರಳಾಗಿ ಕಾಣುತ್ತದೆ, ಆದರೆ ತಾಗಿದರೆ ಬೆರಳೇ ಮುರಿಯುತ್ತದೆ. ಚಾಲುಕ್ಯ ಕಂಬದ ಚೌಕ ಬುಡದ ನಾಲ್ಕು ಮೂಲೆಗಳೂ ಸುತ್ತುವಾಗ ಹೀಗೆಯೇ ಗಾಳಿಯನ್ನು ಕಡಿಯುತ್ತಿದ್ದವು. ಒಂದು ಟನ್ನಿನ ಭಾರ ಹಿಂದಿರುವ ಆ ಮೂಲೆಗಳ ಪಕ್ಕದಲ್ಲಿಯೇ, ಒಂದು ಗೇಣಿನ ಅಂತರದಲ್ಲಿ, ಉಳಿಯನ್ನು ಅಲುಗದೆ ಹಿಡಿದು ಕೊರಳನ್ನು ಕಡೆಯಬೇಕಿತ್ತು.

ದಿಂಡನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರೆಂದು ಕೆಲವು ವಿದ್ವಾಂಸರೂ ಮಲಗಿಸಿ ತಿರುಗಿಸಿದರೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಬಡಗಿಯ ತಿರುಗಣಿಯಲ್ಲಿ ಮರ ಮಲಗಿರುತ್ತದೆಂಬುದು ಎರಡನೆಯ ವಾದಕ್ಕೆ ಆಧಾರ. ಆದರೆ ಬಳಪದ ಕಲ್ಲು ಒತ್ತಡವನ್ನು ತಾಳಿದಷ್ಟು ಬಾಗುವಿಕೆಯನ್ನು ತಾಳದು. ಎರಡೇ ತುದಿಗಳಲ್ಲಿ ಹಿಡಿದು ಮಲಗಿಸಿದ ದಿಂಡು ಕಿರಿದಾದ ಕೊರಳಿನಲ್ಲಿ ತನ್ನ ಭಾರಕ್ಕೆ ತಾನೇ ಬಿರಿಯುವ ಅಪಾಯವಿದೆ. ನೆಟ್ಟಗೆ ನಿಲ್ಲಿಸಿದಾಗಲಾದರೋ ಭಾರವೆಲ್ಲ ಕೆಳಗಿನ ಗೂಟದ ಮೇಲೆ ನೇರವಾಗಿ ಇಳಿಯುತ್ತದೆ, ಮೇಲಿನ ಮೊನೆ ಬರಿಯ ಒಲೆತವನ್ನು ತಡೆದರೆ ಸಾಕು. ಸಭಾಮಂಟಪದ ದೊಡ್ಡ ಕಂಬಗಳ ಮಟ್ಟಿಗೆ ನಿಲ್ಲಿಸಿ ಕಡೆದಿರುವುದೇ ಹೆಚ್ಚು ಸಂಭವನೀಯ. ಕಕ್ಷಾಸನದ, ಎಂದರೆ ಮಂಟಪದ ಅಂಚಿನ ಒರಗುಪೀಠದ, ಮೇಲೆ ನಿಲ್ಲುವ ಕುಳ್ಳು ಕಂಬಗಳನ್ನು ಮಲಗಿಸಿಯೂ ಕಡೆದಿರಬಹುದು. ಬಡಗಿಯ ಸಣ್ಣ ತಿರುಗಣಿಯಲ್ಲಿ ಕಮಾನಿನ ಹಗ್ಗವನ್ನು ಮರಕ್ಕೆ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ, ಉಳಿ ಒಂದು ದಿಕ್ಕಿನ ಸುತ್ತಿನಲ್ಲಿ ಮಾತ್ರ ಕಡೆಯುತ್ತದೆ. ಟನ್ನು ತೂಗುವ ಕಲ್ಲನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ಹಿಂದಿರುಗಿಸುವುದು ಆಗದ ಮಾತಾದ್ದರಿಂದ ಆಳುಗಳು ಅದನ್ನು ಒಂದೇ ದಿಕ್ಕಿಗೆ, ನಿಧಾನವಾಗಿ, ಬಿಡದೆ ಸುತ್ತಿಸಿದ್ದಿರಬೇಕು. ಇಲ್ಲಿ ವೇಗ ಮುಖ್ಯವಲ್ಲ. ಕಲ್ಲು ಮೆದುವಾಗಿದ್ದು ಅಕ್ಷ ಅಲುಗದಿದ್ದರೆ ನಿಧಾನದ ಸುತ್ತಿನಲ್ಲಿಯೂ ಉಳಿ ತನ್ನ ಕೆಲಸ ಮಾಡುತ್ತದೆ.

ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಪಳಗಿದ ಈ ಕೈಗಳು ಹನ್ನೆರಡನೆಯ ಶತಮಾನದಲ್ಲಿ ತೆಂಕಣಕ್ಕೆ ಸಾಗಿದವು. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಅಲ್ಲಿ ದುಡಿದವರಲ್ಲಿ ಚಾಲುಕ್ಯ ನಾಡಿನ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದರೆಂಬುದಕ್ಕೆ ವಿಗ್ರಹಗಳ ಮೇಲಿನ ಅವರ ಹೆಸರುಗಳೇ ಸಾಕ್ಷಿ. ಬೇಲೂರಿನ ನರಸಿಂಹ ಕಂಬವು ಒಂದು ಕಾಲದಲ್ಲಿ ನಿಂತಲ್ಲಿಯೇ ತಿರುಗುತ್ತಿತ್ತೆಂಬ ಹೇಳಿಕೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲವಾದರೂ, ಕಂಬಗಳು ತಿರುಗಿಯೇ ಹುಟ್ಟಿದವೆಂಬ ನೆನಪು ಜನರಲ್ಲಿ ಉಳಿದ ಬಗೆಯಾಗಿ ಅದನ್ನು ಓದಬಹುದು.

ಈ ಕಸುಬು ಕಲ್ಲನ್ನು ಬಿಟ್ಟದ್ದು ಇದೇ ಸೀಮೆಯ ನೆರೆಯಲ್ಲಿ. 1336ರಲ್ಲಿ ನೆಲೆಗೊಂಡ ವಿಜಯನಗರದ ಅರಸರು ಹಂಪಿಯಲ್ಲಿ ಕಟ್ಟಿದ್ದು ಸುತ್ತಲೂ ಬೆಟ್ಟಬೆಟ್ಟವಾಗಿ ಬಿದ್ದಿರುವ ಕಣಶಿಲೆಯಲ್ಲಿ. ಬೆಣಚು ತುಂಬಿದ ಆ ಕಲ್ಲಿನ ಮೇಲೆ ಅಂದಿನ ಕಬ್ಬಿಣದ ಉಳಿ ಎಳೆದರೆ ಕಲ್ಲು ಸವೆಯುವ ಮೊದಲು ಉಳಿಯೇ ಸವೆಯುತ್ತದೆ. ಅದನ್ನು ಚಾಣದಿಂದ ಕುಟ್ಟಿ ಚೂರುಚೂರಾಗಿ ಉದುರಿಸಬೇಕಷ್ಟೆ. ಹಾಗಾಗಿ ಹಂಪಿಯ ಶಿಲ್ಪಿಗಳು ಚೌಕ ಮತ್ತು ಎಂಟುಮೂಲೆಯ ಕಂಬಗಳನ್ನೂ, ಕುದುರೆ, ಯಾಳಿ, ಕಿರುಗಂಬಗಳ ಗೊಂಚಲುಗಳನ್ನೂ ಬೆಳೆಸಿದರು. ಅದನ್ನು ಕಲೆಯ ಇಳಿತವೆಂದು ಕರೆಯುವ ರೂಢಿ ಹಳೆಯ ಬರಹಗಳಲ್ಲಿದೆ. ಅದು ಸಲ್ಲದ ಮಾತು. ಕಲ್ಲು ಬದಲಾದಾಗ ಕಸುಬೂ ಬದಲಾಯಿತು, ಹೊಸ ಕಲ್ಲಿಗೆ ತಕ್ಕ ಹೊಸ ಚೆಲುವು ಬಂತು. ಆದರೆ ತಿರುಗಣಿಗೆ ಆ ಕಲ್ಲಿನಲ್ಲಿ ಎಡೆ ಇರಲಿಲ್ಲ.

ಮರದಲ್ಲಿ ಅದು ನಿಲ್ಲದೆ ಮುಂದುವರಿಯಿತು. ಚನ್ನಪಟ್ಟಣದ ಬೊಂಬೆ ಕೆಲಸದವರು ಬೆಳ್ಳಗಿನ, ಎಳೆ ಸೂಕ್ಷ್ಮವಾದ ಆಲೆ ಮರವನ್ನು ಕೈಲೇತಿನಲ್ಲಿಯೂ ಈಗ ವಿದ್ಯುತ್ ಲೇತಿನಲ್ಲಿಯೂ ಕಡೆದು, ಸುತ್ತುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ. ಬಾಗಳಿಯ ಓಜನೂ ಚನ್ನಪಟ್ಟಣದ ಕಡೆಗಾರನೂ ಮಾಡುವ ಮೊದಲ ಕೆಲಸ ಒಂದೇ: ದಿಂಡಿನ ಎರಡು ತುದಿಗಳಲ್ಲಿ ನಡುವನ್ನು ಹುಡುಕುವುದು.

ಐದು ತಾಲ್ಲೂಕುಗಳ ಈ ಕಂಬಗಳು ವಿದ್ವತ್ತಿನ ಕಣ್ಣಿಗೆ ಬಿದ್ದದ್ದು ಮದರಾಸು ಆಧಿಪತ್ಯದ ಕಾಲದಲ್ಲಿ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಸೇರಿದ್ದರಿಂದ ಇವು ಧಾರವಾಡದ ದೇವಾಲಯಗಳಿಂದ ಆಡಳಿತದಲ್ಲಿ ಬೇರಾಗಿ, ಮದರಾಸಿನ ಪುರಾತತ್ತ್ವ ವಿಭಾಗದ ಪಾಲಿಗೆ ಬಂದವು. ಅದರ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ರೀ ಬಾಗಳಿ, ಕುರುವತ್ತಿ, ಹಡಗಲಿ, ನೀಲಗುಂದ ಮೊದಲಾದ ಊರುಗಳ ದೇವಾಲಯಗಳ ಅಳತೆ ತೆಗೆದು, ನಕ್ಷೆ ಬರೆಸಿ, ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥವನ್ನು 1896ರಲ್ಲಿ ಪ್ರಕಟಿಸಿದನು, 1904ರ ಡಬ್ಲ್ಯು. ಫ್ರಾನ್ಸಿಸ್‌ನ ಬಳ್ಳಾರಿ ಗೆಜೆಟಿಯರಿನಲ್ಲಿಯೂ ಇವುಗಳ ಪ್ರಸ್ತಾಪ ಬಂದಿತು. ಆದರೆ 1926ರಲ್ಲಿ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ ಬರೆದ ದೊಡ್ಡ ಗ್ರಂಥ ಮುಂಬಯಿ ಆಧಿಪತ್ಯದ ಕಡೆಯನ್ನೇ ಮುಖ್ಯವಾಗಿ ನೋಡಿದ್ದರಿಂದ, ಒಂದೇ ನದಿಯ ಎರಡು ದಂಡೆಗಳಲ್ಲಿ ಒಂದೇ ಕಾಲಕ್ಕೆ ನಡೆದ ಕೆಲಸ ಎರಡು ಪುಸ್ತಕಗಳಲ್ಲಿ ಹಂಚಿಹೋಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಕೊನೆಗೆ ವಿಜಯನಗರ ಜಿಲ್ಲೆಗೆ ಬಂದದ್ದರಿಂದ ಜಿಲ್ಲಾವಾರು ಬರೆಯುವ ಪುಸ್ತಕಗಳಲ್ಲಿ ಬಾಗಳಿ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಕಾಣಿಸಿಕೊಳ್ಳುತ್ತ ಬಂದಿದೆ.

ರೀ ಬರೆಸಿದ ನಕ್ಷೆಗಳು ಕಂಬದ ಒಟ್ಟಂದವನ್ನು ಕೊಡುತ್ತವೆ. ಕಡೆತದ ಚರಿತ್ರೆಗೆ ಬೇಕಾದದ್ದು ಅದಕ್ಕಿಂತ ಸೂಕ್ಷ್ಮವಾದ ಅಳತೆ. ಪ್ರತಿ ಕಂಬದ ನಾಲ್ಕು ದಂಡೆಗಳ ಅಗಲ, ಪ್ರತಿ ಬಳೆಯ ವ್ಯಾಸ, ವೃತ್ತರೇಖೆಗಳ ನಡುವಣ ಅಂತರ ಇವುಗಳನ್ನು ಬಾಗಳಿಯಿಂದ ಅಂಬಳಿಯವರೆಗೆ ಗುಡಿಗುಡಿಗೂ ದಾಖಲಿಸಿದರೆ ಒಂದೇ ತಿರುಗಣಿಯಿಂದ, ಒಂದೇ ಕೈಯಿಂದ ಇಳಿದ ಕಂಬಗಳು ಎಷ್ಟು ಊರುಗಳಲ್ಲಿ ನಿಂತಿವೆ ಎಂಬುದನ್ನು ಗುರುತಿಸಬಹುದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಬಾಗಳಿಯಲ್ಲಿ ಈ ಕೆಲಸಕ್ಕೆ ಅವಸರವಿಲ್ಲ. ದೀಪದ ಎಣ್ಣೆ, ಸುಣ್ಣ, ಹಬ್ಬಕ್ಕೊಮ್ಮೆ ಬಳಿಯುವ ಬಣ್ಣಗಳು ಕಂಬದ ಮೈಯನ್ನು ಮುಚ್ಚುತ್ತಿರುವ ಊರೊಟ್ಟಿನ ಸಣ್ಣ ಗುಡಿಗಳಿಂದಲೇ ಅದನ್ನು ಆರಂಭಿಸಬೇಕು, ಏಕೆಂದರೆ ಕೂದಲೆಳೆಯಂಥ ಆ ರೇಖೆಗಳನ್ನು ಮುಚ್ಚಲು ಒಂದು ಪದರ ಬಣ್ಣ ಸಾಕು, ಆ ಬಣ್ಣವನ್ನು ಕೆರೆದು ತೆಗೆಯುವಾಗ ಅವು ಬಣ್ಣದೊಂದಿಗೇ ಹೋಗುತ್ತವೆ.